ಆಯುಧಗಳು ಕೆಳಗಿಳಿದ ಬಗೆ



2005ರ ಜುಲೈ 28ರಂದು ಐರಿಶ್ ರಿಪಬ್ಲಿಕನ್ ಆರ್ಮಿಯು ತನ್ನ ಸಶಸ್ತ್ರ ಹೋರಾಟದ ಅಂತ್ಯವನ್ನು ಘೋಷಿಸಿತು. ಅದು ಆಯುಧಗಳನ್ನು ತ್ಯಜಿಸಿದೆಯೆಂದು ಅಂತಾರಾಷ್ಟ್ರೀಯ ಆಯೋಗವೊಂದು ಸೆಪ್ಟೆಂಬರ್ 26ರಂದು ದೃಢಪಡಿಸಿತು. ಓರ್ವ ಕ್ಯಾಥೊಲಿಕ್ ಪಾದ್ರಿಯೂ ಓರ್ವ ಪ್ರೊಟೆಸ್ಟೆಂಟ್ ಧರ್ಮಗುರುವೂ ಅದಕ್ಕೆ ಸಾಕ್ಷಿಗಳಾದರು.

ಉತ್ತರ ಐರ್ಲೆಂಡಿನ ಮೂರು ದಶಕಗಳ ಆ ಸಂಘರ್ಷದಲ್ಲಿ ಸುಮಾರು 3,500 ಮಂದಿ ಪ್ರಾಣ ತೆತ್ತರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ಕೊಂದದ್ದು ಈ ಸಂಘಟನೆಯೇ. ನಿರಪರಾಧಿಗಳ ಹತ್ಯೆಗೆ ಯಾವ ಅನ್ಯಾಯವೂ ಸಮರ್ಥನೆಯಾಗದು. ಆದರೆ ವಿಚಾರಣೆಯಿಲ್ಲದ ಬಂಧನಗಳು, 1972ರಲ್ಲಿ ಡೆರಿಯ ನಿರಾಯುಧ ಮೆರವಣಿಗೆಯ ಮೇಲೆ ಸೈನಿಕರು ನಡೆಸಿದ ಗೋಲೀಬಾರು ಯುವಕರನ್ನು ಬಂದೂಕಿನೆಡೆಗೆ ದೂಡಿದವೆಂಬುದನ್ನು ನಾವು ಮರೆಯಲಾಗದು. 1974ರ ಬರ್ಮಿಂಗ್‌ಹ್ಯಾಮ್ ಸ್ಫೋಟದ ಹೆಸರಿನಲ್ಲಿ ಆರು ಮಂದಿ ನಿರಪರಾಧಿಗಳು 16 ವರ್ಷ ಜೈಲಿನಲ್ಲಿ ಕೊಳೆತರು.

ಸೇನೆ ಮತ್ತು ಕರಾಳ ಕಾನೂನುಗಳಿಂದ ಆಗದ್ದನ್ನು ಮಾತುಕತೆಯು ಸಾಧಿಸಿತು. 1998ರ ಒಪ್ಪಂದವು ಅಧಿಕಾರದಲ್ಲಿ ಪಾಲು, ಪೊಲೀಸ್ ಸುಧಾರಣೆ ಹಾಗೂ ಸಮಾನತೆಯ ಭರವಸೆ ನೀಡಿತು. ಆಯುಧಗಳು ಪೂರ್ಣವಾಗಿ ಕೆಳಗಿಳಿದದ್ದು ಅದಾಗಿ ಏಳು ವರ್ಷಗಳ ಬಳಿಕ. 2007ರಲ್ಲಿ ಬದ್ಧ ವೈರಿಗಳಾಗಿದ್ದ ಇಯಾನ್ ಪೈಸ್ಲಿ ಮತ್ತು ಮಾರ್ಟಿನ್ ಮೆಕ್‌ಗಿನ್ನೆಸ್ ಜೊತೆಗೂಡಿ ಸರಕಾರ ರಚಿಸಿದರು.

ಭಯೋತ್ಪಾದನೆಯನ್ನು ಖಂಡಿಸುವ ನಾವು ಅದಕ್ಕೆ ನೀರೆರೆಯುವ ಅನ್ಯಾಯವನ್ನೂ ಅಷ್ಟೇ ಸ್ಪಷ್ಟವಾಗಿ ಖಂಡಿಸಬೇಕು. ನ್ಯಾಯವಿಲ್ಲದೆಡೆ ಶಾಂತಿ ಬಾಳದು.