ಕಸ ನಮ್ಮದು, ಹೆಸರು ಮಾತ್ರ ಅವರದು!

(ಕುವೆಂಪು ಅವರ ‘ಜಲಗಾರ’ ನಾಟಕದ ಓದು ಮುಗಿದ ಮೇಲೆ ಉಡುಪಿಯಲ್ಲಿ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಓದಿದ್ದು ಬರೀ ಪಿಯುಸಿ. ಹೊಟ್ಟೆಪಾಡಿಗೆ ಒಂದು ಅಚ್ಚಿನ ಮನೆ ಇಟ್ಟುಕೊಂಡಿದ್ದೇನೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಈ ನಾಲ್ಕೂ ಕಡೆಯ ಜನ ನನ್ನ ಗಿರಾಕಿಗಳು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ರಶೀದಿ ಪುಸ್ತಕ, ಎಲ್ಲವೂ ನಮ್ಮಲ್ಲಿ ಆಗುತ್ತದೆ. ನಾಟಕದ ಬಗ್ಗೆ ಮಾತಾಡಲು ಪ್ರೊಫೆಸರನ್ನು ಕರೆಯುವುದು ಬಿಟ್ಟು ನನ್ನನ್ನು ಯಾಕೆ ಕರೆದಿರಿ ಎಂದು ನಿಮ್ಮ ಸಂಘದ ಹುಡುಗರನ್ನು ಕೇಳಿದೆ. ‘ಅಣ್ಣಾ, ನೀವು ಅಕ್ಷರದ ನಡುವೆ ಇರುವವರು, ಕಂಡದ್ದನ್ನು ಹೇಳಿ ಸಾಕು’ ಎಂದರು. ಹಾಗಾಗಿ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ನಾನು ಕೆಲಸ ಕಲಿತದ್ದು ಮೊಳೆ ಜೋಡಿಸುವ ಕಾಲದ ಕೊನೆಯಲ್ಲಿ. ಆಮೇಲೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಆದರೆ ಮೊಳೆ ಹಿಡಿದವನ ಕಣ್ಣಿಗೆ ಒಂದು ಅಭ್ಯಾಸ ಅಂಟಿಬಿಡುತ್ತದೆ. ಯಾರ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿದೆ, ಯಾರ ಹೆಸರಿನ ಹಿಂದೆ ‘ಮಾನ್ಯ ಶ್ರೀ’ ಇದೆ, ಯಾರ ಹೆಸರಿಗೆ ಬರೀ ‘ಶ್ರೀ’, ಯಾರಿಗೆ ಅದೂ ಇಲ್ಲ, ಇದನ್ನೆಲ್ಲ ಅದು ತಾನಾಗಿಯೇ ಎಣಿಸುತ್ತದೆ. ಒಂದು ಆಮಂತ್ರಣ ಪತ್ರಿಕೆ ನೋಡಿದರೆ ಸಾಕು, ಆ ಊರಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಗೊತ್ತಾಗಿಬಿಡುತ್ತದೆ.

ಈಗ ನಾಟಕಕ್ಕೆ ಬರುತ್ತೇನೆ.

‘ಜಲಗಾರ’ವನ್ನು ಕುವೆಂಪು ಬರೆದದ್ದು 1928ರಲ್ಲಿ. ಆಗ ಅವರ ವಯಸ್ಸು ಇಪ್ಪತ್ತನಾಲ್ಕರ ಸುಮಾರು. ಇಲ್ಲಿ ಕುಳಿತಿರುವ ಬಹಳ ಮಂದಿಯ ವಯಸ್ಸೇ! ಕತೆ ದೊಡ್ಡದೇನಲ್ಲ. ಜನ ಶಿವನ ಗುಡಿಗೆ ಹೊರಟಿದ್ದಾರೆ. ಅವರು ನಡೆಯುವ ಬೀದಿಯನ್ನು ಒಬ್ಬ ಜಲಗಾರ, ಅಂದರೆ ಬೀದಿ ಗುಡಿಸುವವನು, ಗುಡಿಸುತ್ತಿದ್ದಾನೆ. ಆ ಗುಡಿಯೊಳಗೆ ಅವನಿಗೆ ಜಾಗವಿಲ್ಲ. ಕೊನೆಗೆ ಶಿವನೇ ಗುಡಿ ಬಿಟ್ಟು, ತಾನೂ ಜಲಗಾರನಾಗಿ, ಬೀದಿಯಲ್ಲಿ ಅವನ ಎದುರು ನಿಲ್ಲುತ್ತಾನೆ. ಇಷ್ಟೇ.

ಇದರಲ್ಲಿ ಜಗಳವಿಲ್ಲ, ಕತ್ತಿ ಕಾಳಗವಿಲ್ಲ. ಇರುವುದು ಮಾತು. ನಾವು ಕರಾವಳಿಯವರು, ಮಾತಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಥಧಾರಿಯ ಒಂದು ಮಾತಿಗಾಗಿ ರಾತ್ರಿಯಿಡೀ ನಿದ್ದೆಗೆಟ್ಟು ಕೂರುವ ಜನ ನಾವು. ಈ ನಾಟಕದಲ್ಲಿ ಗುಡಿಗೆ ಹೋಗುವವರ ಬಾಯಿಯಲ್ಲಿ ದೇವರಿದ್ದಾನೆ, ಪುಣ್ಯವಿದೆ. ಕಾಲ ಕೆಳಗಿನ ಬೀದಿ ಯಾರಿಂದ ಚೊಕ್ಕಟವಾಯಿತು ಎಂಬುದು ಇಲ್ಲ. ಅವನಿಗೆ ನಾಟಕದಲ್ಲಿ ಇರುವ ಹೆಸರು ಕೂಡ ಕೆಲಸದ ಹೆಸರೇ: ಜಲಗಾರ. ತಾಯಿ ಇಟ್ಟ ಹೆಸರು ಏನೋ, ಕೇಳುವವರಿಲ್ಲ.

ಗೆಳೆಯರೇ, ಇವತ್ತು ನೀವು ಈ ನಾಟಕವನ್ನು ಓದುವಾಗ ನಾನು ಒಂದು ವಿಷಯ ಗಮನಿಸಿದೆ. ಬೇಸರ ಮಾಡಿಕೊಳ್ಳಬೇಡಿ. ಗುಡಿಗೆ ಹೋಗುವವರ ಮಾತು ಓದಿದವರು ಎದೆಯುಬ್ಬಿಸಿ, ದನಿ ಎತ್ತಿ ಓದಿದರು. ಜಲಗಾರನ ಮಾತು ಓದಿದ ತಮ್ಮ ಭುಜ ಕುಗ್ಗಿಸಿ, ದನಿ ಇಳಿಸಿ ಓದಿದ. ಹಾಗೆ ಓದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೀದಿ ಗುಡಿಸುವವನು ಎಂದ ಕೂಡಲೇ ನಮ್ಮ ಗಂಟಲು ತಾನಾಗಿಯೇ ಬಗ್ಗುತ್ತದೆ. ಅದು ಓದಿದವನ ತಪ್ಪಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಓದುತ್ತಿದ್ದೆ. ಒಳ್ಳೆಯ ನಾಟಕದ ಶಕ್ತಿ ಇದು. ಅದರ ಮಾತು ಪಾತ್ರಗಳನ್ನು ತೋರಿಸುತ್ತದೆ, ಜೊತೆಗೆ ಓದುವವನನ್ನೂ ತೋರಿಸಿಬಿಡುತ್ತದೆ.

ನಮ್ಮ ಊರಿಗೆ ಇದು ದೂರದ ಕತೆಯೂ ಅಲ್ಲ. ‘ಜಲಗಾರ’ ಬಂದ 1928ರಲ್ಲೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತೀರಿಕೊಂಡರು. ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜಾತಿಯವರಿಂದ ಬಹಿಷ್ಕಾರ ಉಂಡವರು ಅವರು. ತಾನು ಕಲಿಸಿದ ದಲಿತ ಮಗುವೊಂದು ಮುಂದೆ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ, ಆ ಕಾರಿನ ಧೂಳು ತನ್ನ ತಲೆಗೆ ಬಿದ್ದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. 1933ರಲ್ಲಿ ನಮ್ಮ ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂತು. ಚೋಮನ ಹತ್ತಿರ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಆದರೆ ಹುಟ್ಟಿದ ಜಾತಿಯ ಕಾರಣಕ್ಕೆ ಉಳಲು ಗೇಣು ಭೂಮಿ ಇಲ್ಲ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಉಡುಪಿಗೆ ಬಂದು ಅಜ್ಜರಕಾಡಿನಲ್ಲಿ ಮಾತನಾಡಿದರು.

ಕನಕನ ಕಿಂಡಿಯೂ ಇಲ್ಲೇ ಇದೆ. ಕನಕದಾಸರಿಗಾಗಿ ಕೃಷ್ಣ ತಿರುಗಿ ನಿಂತ ಎಂದು ಹೆಮ್ಮೆಯಿಂದ ಹೇಳುತ್ತೇವೆ. ದೇವರೇನೋ ತಿರುಗಿದ. ಮನುಷ್ಯರು ತಿರುಗಿದರೇ? ಆ ಪ್ರಶ್ನೆ ಮಾತ್ರ ನಾವು ಕೇಳಿಕೊಳ್ಳುವುದಿಲ್ಲ.

ಒಳ್ಳೆಯ ಕೆಲಸ ಆಗಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಡಾ. ವಿ.ಎಸ್. ಆಚಾರ್ಯರು 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಅನಿಷ್ಟ ಈ ಊರಿನಲ್ಲಿ ನಿಂತದ್ದು ಅವರ ಕಾಲದಲ್ಲಿ. ದೇಶಕ್ಕೆ ಅದರ ಬಗ್ಗೆ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದ ಕಾನೂನು 2013ರಲ್ಲಿ. ಇಷ್ಟು ಮೊದಲೇ ಮಾಡಿದ ಊರು ನಮ್ಮದು, ಹೆಮ್ಮೆ ಪಡೋಣ. ಕೊರಗ ಸಮುದಾಯದವರನ್ನು ಪಶುವಿಗಿಂತ ಕೀಳಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು 2000ನೇ ಇಸವಿಯ ಕಾನೂನು ನಿಷೇಧಿಸಿತು. ಕಾನೂನು ತಲೆಯ ಮೇಲಿನ ಹೊರೆ ಇಳಿಸೀತು. ನಾಲಗೆಯ ಮೇಲಿನ ಕೊಳೆ ತೊಳೆಯುವ ಕಾನೂನು ಯಾವ ವಿಧಾನಸೌಧದಲ್ಲೂ ಆಗುವುದಿಲ್ಲ. ಅದನ್ನು ನಾವೇ ತೊಳೆದುಕೊಳ್ಳಬೇಕು.

ಈಗ ನನ್ನ ನಾಲಗೆಯ ಕತೆ ಕೇಳಿ.

ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಕೆಲವು ವರ್ಷಗಳ ಹಿಂದೆ ಆ ದಿನದ ಒಂದು ಕಾರ್ಯಕ್ರಮದ ಆಮಂತ್ರಣ ನನ್ನ ಪ್ರೆಸ್ಸಿಗೆ ಬಂತು. ಯಾವ ಸಂಘ ಎಂಬುದು ಬೇಡ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು, ಹೀಗೆ ಹದಿನಾಲ್ಕು ಹೆಸರು. ಎಲ್ಲರಿಗೂ ‘ಮಾನ್ಯ’, ಎಲ್ಲರಿಗೂ ದಪ್ಪ ಅಕ್ಷರ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಹತ್ತು ಮಂದಿ ಪೌರಕಾರ್ಮಿಕರಿಗೆ ಸನ್ಮಾನ.’ ನಾನು ಪ್ರೂಫ್ ನೋಡಿದೆ. ಒತ್ತಕ್ಷರ ಸರಿಯಿದೆ, ದಿನಾಂಕ ಸರಿಯಿದೆ ಎಂದು ಐನೂರು ಪ್ರತಿ ಅಚ್ಚು ಹಾಕಿದೆ. ಹಣವನ್ನೂ ಎಣಿಸಿಕೊಂಡೆ.

ನಮ್ಮ ಪ್ರೆಸ್ಸಿನ ಎದುರಿನ ರಸ್ತೆ ಗುಡಿಸುವ ಒಬ್ಬರು ಹೆಂಗಸು ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತರು. ಸನ್ಮಾನಕ್ಕೆ ತನ್ನನ್ನೂ ಆರಿಸಿದ್ದಾರಂತೆ, ಕಾಗದ ಇಲ್ಲೇ ಅಚ್ಚಾಗಿದೆಯಂತೆ, ಮಗನಿಗೆ ತೋರಿಸಲು ಒಂದು ಬೇಕು ಎಂದರು. ಕೊಟ್ಟೆ. ಅತ್ತಿತ್ತ ತಿರುಗಿಸಿ ನೋಡಿದರು. ಮತ್ತೆ ತುಳುವಿನಲ್ಲಿ ಕೇಳಿದರು, ‘ಇದರಲ್ಲಿ ನನ್ನ ಹೆಸರು ಎಲ್ಲಿದೆ?’

ನನ್ನ ಬಾಯಿ ಕಟ್ಟಿತು. ಹೆಸರು ಇರಲಿಲ್ಲ. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿತ್ತು. ಇದ್ದಿದ್ದರೂ ಇದು ಅವರ ಹೆಸರು ಎಂದು ಬೆರಳಿಟ್ಟು ತೋರಿಸಲು ನನಗೆ ಸಾಧ್ಯವಿರಲಿಲ್ಲ. ಆರೇಳು ವರ್ಷ ದಿನಾ ಬೆಳಿಗ್ಗೆ ಕಂಡವರು. ನನ್ನ ಪ್ರೆಸ್ಸಿನ ಕತ್ತರಿಸಿದ ಕಾಗದದ ಚೂರು, ಶಾಯಿ ಒರೆಸಿದ ಬಟ್ಟೆ, ಎಲ್ಲವನ್ನೂ ಎತ್ತಿಕೊಂಡು ಹೋದವರು. ನಾನು ಅವರನ್ನು ಕರೆಯುತ್ತಿದ್ದುದು ‘ಹೋಯ್’ ಎಂದು. ತುಳುವಿನಲ್ಲಿ ಹಿರಿಯರಿಗೆ ‘ಈರ್’ ಎನ್ನಬೇಕು. ನನಗಿಂತ ಹತ್ತು ವರ್ಷ ದೊಡ್ಡವರಿಗೆ ನಾನು ‘ಈ’ ಎನ್ನುತ್ತಿದ್ದೆ. ಅವರು ಕಾಲೇಜು ಹುಡುಗನಿಗೂ ‘ಈರ್’ ಎನ್ನುತ್ತಿದ್ದರು.

ಮನೆಯಲ್ಲಿ ನಾವು ಏನು ಹೇಳುತ್ತೇವೆ ಯೋಚಿಸಿ. ‘ಕಸದವರು ಬಂದರು, ಬೇಗ ಕೊಡು.’ ಕಸ ಯಾರದ್ದು ಮಾರಾಯ್ರೆ? ನಾವು ತಿಂದು ಬಿಟ್ಟದ್ದು, ನಾವು ಒಡೆದದ್ದು, ನಾವು ಎಸೆದದ್ದು. ಅವರು ಬರುವಾಗ ಕೈ ಖಾಲಿ. ಕಸ ನಮ್ಮದು, ಕಸದ ಹೆಸರು ಮಾತ್ರ ಅವರದು! 1928ರ ಆ ಬೀದಿಯಲ್ಲಿ ಗುಡಿಗೆ ಹೋಗುತ್ತಿದ್ದವರ ಸಾಲಿನಲ್ಲಿ ನಾನೂ ಒಬ್ಬ ಎಂದು ನನಗೆ ಅವತ್ತು ಗೊತ್ತಾಯಿತು.

ಇನ್ನೊಂದು ನಾಟಕದ ಮಾತು ಹೇಳುತ್ತೇನೆ. ನನ್ನ ಅಣ್ಣನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುವವಳು. ಅವಳು ಓದುತ್ತಿದ್ದ ‘ಆನ್ ಇನ್‌ಸ್ಪೆಕ್ಟರ್ ಕಾಲ್ಸ್’ ಎಂಬ ನಾಟಕದ ಕತೆ ಹೇಳಿದಳು. ಇಂಗ್ಲೆಂಡಿನ ಜೆ.ಬಿ. ಪ್ರೀಸ್ಟ್ಲಿ ಬರೆದದ್ದು, ಮೊದಲು ರಂಗಕ್ಕೆ ಬಂದದ್ದು 1945ರಲ್ಲಿ. ಒಂದು ಶ್ರೀಮಂತರ ಮನೆ, ಮಗಳ ನಿಶ್ಚಿತಾರ್ಥದ ಊಟ. ಇನ್‌ಸ್ಪೆಕ್ಟರ್ ಎಂದು ಹೇಳಿಕೊಂಡು ಒಬ್ಬ ಬಂದು, ಒಬ್ಬಳು ಬಡ ಹುಡುಗಿ ವಿಷ ಕುಡಿದು ಸತ್ತಳು ಎನ್ನುತ್ತಾನೆ. ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಾನೆ. ಸಂಬಳ ಹೆಚ್ಚು ಕೇಳಿದ್ದಕ್ಕೆ ಅಪ್ಪ ಕಾರ್ಖಾನೆಯಿಂದ ತೆಗೆದಿದ್ದ, ಮಗಳು ಅಂಗಡಿಯ ಕೆಲಸ ತಪ್ಪಿಸಿದ್ದಳು, ಸಹಾಯ ಕೇಳಿ ಬಂದಾಗ ತಾಯಿ ಹೊರಗೆ ಹಾಕಿದ್ದಳು. ಯಾರೂ ಕೊಲೆ ಮಾಡಿಲ್ಲ, ಆದರೆ ಎಲ್ಲರ ಕೈಯೂ ಅದರಲ್ಲಿದೆ.

ಒಳ್ಳೆಯ ನಾಟಕ, ಸಂಶಯವಿಲ್ಲ. ನಾನು ಮಗಳನ್ನು ಕೇಳಿದೆ, ‘ಜಲಗಾರ ಗೊತ್ತುಂಟಾ?’ ‘ಇಲ್ಲ ಚಿಕ್ಕಪ್ಪ, ಅದೆಂತದು?’ ಎಂದಳು. ಇಂಗ್ಲೆಂಡಿನ ಆ ನಾಟಕಕ್ಕಿಂತ ಹದಿನೇಳು ವರ್ಷ ಮೊದಲು ನಮ್ಮ ಕನ್ನಡದ ಹುಡುಗನೊಬ್ಬ ಇದೇ ಪ್ರಶ್ನೆ ಕೇಳಿದ್ದ. ಅಲ್ಲಿ ಸತ್ತ ಹುಡುಗಿ ರಂಗಕ್ಕೆ ಬರುವುದೇ ಇಲ್ಲ, ಅವಳ ಬಗ್ಗೆ ಬೇರೆಯವರು ಮಾತಾಡುತ್ತಾರೆ. ಇಲ್ಲಿ ಜಲಗಾರ ರಂಗದ ನಡುವೆ ನಿಂತು ತಾನೇ ಮಾತಾಡುತ್ತಾನೆ. ಅದನ್ನೂ ಓದಲಿ, ಇದನ್ನೂ ಓದಲಿ. ಇದು ಗೊತ್ತೇ ಇಲ್ಲ ಎಂದಾದರೆ ತಪ್ಪು ಮಗುವಿನದಲ್ಲ, ನಮ್ಮದು.

ಗೆಳೆಯರೇ, ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಜಲಗಾರ’ವನ್ನು ತಪ್ಪು ತಿಳಿಯುವ ಅಪಾಯವೂ ಇದೆ. ‘ಶಿವನೇ ಜಲಗಾರ, ಆದ್ದರಿಂದ ನಿನ್ನ ಕೆಲಸ ಪವಿತ್ರ, ನೀನು ಗುಡಿಸುತ್ತಾ ಇರು’ ಎನ್ನುವವರಿದ್ದಾರೆ. ಇದು ಮೋಸದ ಮಾತು. ಕೆಲಸ ಅಷ್ಟು ಪವಿತ್ರವಾದರೆ ಅದೇ ಜಾತಿಯವರ ಮಕ್ಕಳಿಗೇ ಯಾಕೆ ಮೀಸಲು? ನಾಟಕದ ಶಿವ ಗುಡಿಯೊಳಗೆ ಕುಳಿತು ಹೊಗಳಲಿಲ್ಲ. ಹೊರಗೆ ಬಂದ, ತಾನೂ ಅದೇ ಕೆಲಸದವನಾದ. 2020ರಲ್ಲಿ ಕೊರೋನಾ ಬಂದಾಗ ಪೌರಕಾರ್ಮಿಕರಿಗೆ ಹೂ ಹಾಕಿದೆವು, ಚಪ್ಪಾಳೆ ತಟ್ಟಿದೆವು. ‘ವಾರಿಯರ್’ ಎಂದು ಬ್ಯಾನರು ಹಾಕಿದೆವು, ನನ್ನ ಪ್ರೆಸ್ಸಿಗೂ ಒಳ್ಳೆಯ ವ್ಯಾಪಾರವಾಯಿತು. ಹೂ ಬಾಡಿದ ಮೇಲೆ ಕೈಗವಸು ಇದೆಯೇ ಎಂದು ಎಷ್ಟು ಮಂದಿ ಕೇಳಿದೆವು?

ಗುಂಡಿಗೆ ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತು ಎಂದರೆ ಏನರ್ಥ? ಕಾನೂನು ಬಂದು ಮೂವತ್ತು ವರ್ಷವಾದರೂ ಮನುಷ್ಯರನ್ನು ಗುಂಡಿಗೆ ಇಳಿಸುವುದು ನಿಂತಿಲ್ಲ ಎಂದರ್ಥ!

ಆದ್ದರಿಂದ ಬರೀ ಒಳ್ಳೆಯ ಮಾತು ಸಾಲದು. ಆದರೆ ಒಳ್ಳೆಯ ಮಾತೂ ಇಲ್ಲದ ಕಡೆ ನ್ಯಾಯ ಹುಟ್ಟುವುದೂ ಇಲ್ಲ. ‘ಹೋಯ್’ ಎಂದು ಕರೆಯುವವನಿಗೆ ಆ ಹೋಯ್‌ನ ಸಂಬಳ ಮೂರು ತಿಂಗಳು ತಡವಾದರೂ ತಟ್ಟುವುದಿಲ್ಲ. ಹೆಸರು ಗೊತ್ತಿದ್ದವನಿಗೆ ತಟ್ಟುತ್ತದೆ.

ನಾವು ಕನ್ನಡದ ಕೆಲಸ ಮಾಡುವವರು. ಬ್ಯಾಂಕಿನಲ್ಲಿ, ರೈಲಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಕನ್ನಡಕ್ಕೆ ಮರ್ಯಾದೆ ಕೊಡಿ ಎಂದು ಕೇಳುತ್ತೇವೆ. ಕೇಳಲೇಬೇಕು. ಆದರೆ ಕನ್ನಡಕ್ಕೆ ಮರ್ಯಾದೆ ಕೇಳುವವರು ಕನ್ನಡದಲ್ಲಿ ಮರ್ಯಾದೆ ಕೊಡಲು ಕಲಿಯಬೇಡವೇ? ಬಹುವಚನ ನಮ್ಮ ಭಾಷೆಯ ದೊಡ್ಡ ಆಸ್ತಿ. ಆ ಆಸ್ತಿಯನ್ನು ಕಾರಿನವನಿಗೆ ಮಾತ್ರ ಹಂಚಿ, ಪೊರಕೆಯವರಿಗೆ ಇಲ್ಲ ಎನ್ನುವುದು ಕನ್ನಡತನವಲ್ಲ.

ನಿಮ್ಮಿಂದ ದೊಡ್ಡದೇನೂ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಓಣಿಗೆ ಬರುವವರ ಹೆಸರು ಕೇಳಿ. ‘ನೀವು’ ಎನ್ನಿ, ತುಳುವರಾದರೆ ‘ಈರ್’ ಎನ್ನಿ. ಒಡೆದ ಗಾಜು, ಬ್ಲೇಡು, ಸೂಜಿಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಿ. ಆಮೇಲೆ ಹತ್ತು ಮಂದಿ ಸೇರಿ ನಿಮ್ಮ ನಗರಸಭೆಗೋ ಪುರಸಭೆಗೋ ಪಂಚಾಯತಿಗೋ ಹೋಗಿ. ಸಂಬಳ ಸಮಯಕ್ಕೆ ಸಿಗುತ್ತಿದೆಯೇ, ಕೈಗವಸು ಬೂಟು ಕೊಟ್ಟಿದ್ದಾರೆಯೇ, ಗುತ್ತಿಗೆಯ ಕಾಗದಕ್ಕೆ ಅವರಿಂದ ಸಹಿ ಹಾಕಿಸುವಾಗ ಅದು ಅವರು ಓದಬಲ್ಲ ಕನ್ನಡದಲ್ಲಿದೆಯೇ ಎಂದು ಕೇಳಿ. ಇದೂ ಕನ್ನಡದ ಹೋರಾಟವೇ.

ನಾನು ನನ್ನ ಪ್ರೆಸ್ಸಿನಲ್ಲಿ ಒಂದು ನಿಯಮ ಮಾಡಿದ್ದೇನೆ. ಸನ್ಮಾನದ ಆಮಂತ್ರಣ ಬಂದರೆ ಸನ್ಮಾನಿತರ ಹೆಸರು ಬೇಕು, ಮುಂದೆ ‘ಶ್ರೀ’, ‘ಶ್ರೀಮತಿ’ ಬೇಕು. ಉದ್ಘಾಟಕರಿಗೆ ಎಷ್ಟು ದಪ್ಪ ಅಕ್ಷರವೋ ಇವರಿಗೂ ಅಷ್ಟೇ. ಹೆಚ್ಚಿನ ಸಾಲಿಗೆ ಹಣ ತೆಗೆದುಕೊಳ್ಳುವುದಿಲ್ಲ. ಇಬ್ಬರು ಗಿರಾಕಿಗಳು ‘ನಿನ್ನ ಕೆಲಸ ಅಚ್ಚು ಹಾಕುವುದು, ಬುದ್ಧಿ ಹೇಳುವುದಲ್ಲ’ ಎಂದು ಬೈದು ಬೇರೆ ಕಡೆ ಹೋದರು. ಹೋಗಲಿ.

ಆ ಅಮ್ಮ ಈಗಲೂ ನಮ್ಮ ರಸ್ತೆಗೆ ಬರುತ್ತಾರೆ. ಅವರ ಹೆಸರು ಈಗ ನನಗೆ ಗೊತ್ತು. ಅವರನ್ನು ಕೇಳದೆ ಸಭೆಯಲ್ಲಿ ಹೇಳುವುದು ಸರಿಯಲ್ಲ ಎಂದು ಹೇಳುತ್ತಿಲ್ಲ. ನಿಮ್ಮ ಓಣಿಯವರ ಹೆಸರು ನೀವು ಕೇಳಿಕೊಳ್ಳಿ.

ಸಿರಿಗನ್ನಡಂ ಗೆಲ್ಗೆ.