ಆಡಿನ ಹೊಟ್ಟೆಗೆ ಏನು, ಎಷ್ಟು?



ಇವತ್ತು ಪಾಟಿ, ಬಳಪ ಸ್ವಲ್ಪ ಹೊತ್ತು ಬದಿಗೆ ಇಡೋಣ. ಆಡಿನ ಮಾತು ಆಡೋಣ.

ಹೋದ ವಾರ ನಿಮ್ಮಲ್ಲೇ ಒಬ್ಬ ಅಕ್ಕ ನಮ್ಮನ್ನು ಕೇಳಿದಳು: "ಅಕ್ಕೋರ, ಓದಾಕ ಕಲಿಸಿದ್ರಿ, ಬರಿಯಾಕ ಕಲಿಸಿದ್ರಿ. ನಮ್ಮ ಆಡು ಯಾಕ ಬಡಕಲ ಆಗೇತಿ ಅನ್ನೂದು ಯಾವ ಪುಸ್ತಕದಾಗ ಐತ್ರಿ?" ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅದೇ ಮಾತು ತಲೆಯಲ್ಲಿ ಸುತ್ತಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಕಡೆ ನಾವು ಕೇಂದ್ರಗಳಿಗೆ ಹೋಗಿದ್ದೇವೆ. (ಈಗ ತಾಲ್ಲೂಕುಗಳು ಒಡೆದು ಹೆಚ್ಚಾಗಿವೆ. ನಾವು ಹಳೆಯ ಲೆಕ್ಕದಲ್ಲಿ ಹೇಳುತ್ತೇವೆ.) ಎಲ್ಲಿ ಹೋದರೂ ಒಂದು ಪ್ರಶ್ನೆ ಕೇಳುತ್ತೇವೆ. ಹೊಲ ಯಾರ ಹೆಸರಿನಲ್ಲಿ ಇದೆ? ಗಂಡನ ಹೆಸರಿನಲ್ಲಿ. ಮನೆ ಯಾರ ಹೆಸರಿನಲ್ಲಿ? ಮಾವನ ಹೆಸರಿನಲ್ಲಿ. ಆಡು ಯಾರದು? ಆಗ ಕೈಗಳು ಮೇಲೆ ಏಳುತ್ತವೆ. "ನಮ್ದರೀ!"

ಆಡು ನಮ್ಮದು. ಮಗಳಿಗೆ ಜ್ವರ ಬಂದರೆ, ಶಾಲೆಯ ಬಟ್ಟೆ ಬೇಕಾದರೆ, ತವರಿಗೆ ಹೋಗಬೇಕಾದರೆ ಯಾರ ಮುಂದೆಯೂ ಕೈ ಚಾಚುವುದು ಬೇಡ. ಒಂದು ಮರಿ ಮಾರಿದರೆ ಸಾಕು. ಅದಕ್ಕೇ ಆಡು ಸತ್ತರೆ ಬರೀ ಆಡು ಸತ್ತಂತೆ ಅಲ್ಲ.

ಇದನ್ನು ನಾವು ಪುಸ್ತಕದಿಂದ ಕಲಿತಿಲ್ಲ. ನಮ್ಮ ಮನೆಯಲ್ಲೇ ನೋಡಿದ್ದೇವೆ.

ನಮ್ಮ ಅತ್ತೆಯವರು ಎರಡು ವರ್ಷ ಕಳೆ ತೆಗೆದ ಕೂಲಿಯಲ್ಲಿ ಉಳಿಸಿ ಒಂದು ಕರಿ ಆಡು ಕೊಂಡಿದ್ದರು. ಉಸ್ಮಾನಾಬಾದಿ ತಳಿ. ಸೊಲ್ಲಾಪುರದ ಕಡೆಯ ಈ ತಳಿ ನಮ್ಮ ಇಂಡಿಯ ಕಡೆಗೂ ಬಹಳ ಬಂದಿದೆ. ಆಡು ಗಬ್ಬ ಇತ್ತು. ನಾಲ್ಕು ತಿಂಗಳು ತುಂಬಿತ್ತು. ಆಗ ನಮ್ಮ ಮನೆಯಲ್ಲಿ ಕುಬಸದ ಕಾರ್ಯ ಆಯಿತು. ಗೋಧಿ ಹುಗ್ಗಿ ಮಾಡಿದ್ದೆವು. ಅನ್ನ ಬಹಳ ಉಳಿಯಿತು. ಚೆಲ್ಲಲು ಮನಸ್ಸು ಬರಲಿಲ್ಲ. "ಆಡು ಬಸುರಿ ಐತಿ, ಅದೂ ಉಣ್ಣಲಿ" ಎಂದು ಒಂದು ಬುಟ್ಟಿ ಅನ್ನ, ಹುಗ್ಗಿ ಅದರ ಮುಂದೆ ಇಟ್ಟೆವು. ಇಟ್ಟವರು ನಾವೇ. ಟೀಚರ್ ಟ್ರೇನಿಂಗ್ ಮುಗಿಸಿದ ನಾವು!

ಆಡು ಆಸೆಯಿಂದ ಎಲ್ಲಾ ತಿಂದಿತು. ರಾತ್ರಿ ಹಲ್ಲು ಕಡಿಯಿತು. ಹೊಟ್ಟೆ ಊದಿತು. ಮೆಲುಕು ನಿಂತಿತು. ನೀರಿನಂತೆ ಉಚ್ಚಿಕೊಂಡಿತು. ಬೆಳಗಿನ ಜಾವ ಕಾಲು ಚಾಚಿತು. ಹೊಟ್ಟೆಯೊಳಗೆ ಎರಡು ಮರಿ ಇದ್ದವು. ಅತ್ತೆಯವರು ನಮ್ಮನ್ನು ಬೈಯಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ.

ಯಾಕೆ ಹೀಗಾಯಿತು? ಅನ್ನ ವಿಷವೇ? ನಾವು ದಿನಾ ಉಣ್ಣುತ್ತೇವಲ್ಲ?

ನಮ್ಮ ಹೊಟ್ಟೆ ಬೇರೆ, ಆಡಿನ ಹೊಟ್ಟೆ ಬೇರೆ. ಆಡಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದು ಬಹಳ ದೊಡ್ಡದು. ಅದು ಒಂದು ಚೀಲ ಇದ್ದಂತೆ. ಅದರಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಸೂಕ್ಷ್ಮ ಜೀವಿಗಳಿವೆ. ತಪ್ಪಲ, ಹುಲ್ಲು, ಕಣಕಿ, ಹೊಟ್ಟು ಇವನ್ನು ಕರಗಿಸುವುದು ಆ ಜೀವಿಗಳೇ. ನಾವು ಆಡಿಗೆ ಮೇವು ಹಾಕುತ್ತೇವೆ ಅಂದರೆ ಮೊದಲು ಆ ಜೀವಿಗಳಿಗೆ ಹಾಕುತ್ತೇವೆ.

ಒಮ್ಮೆಗೇ ಅನ್ನ, ಹಿಟ್ಟು, ಕಾಳು ಬಹಳ ಬಿದ್ದರೆ ಏನಾಗುತ್ತದೆ? ಅಂಬಲಿ ಹುಳಿ ಬರುವುದನ್ನು ನೋಡಿದ್ದೀರಲ್ಲ? ಅದೇ ರೀತಿ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ. ಹುಳಿ ರಕ್ತಕ್ಕೆ ಸೇರುತ್ತದೆ. ಆಮೇಲೆ ಆಡು ಉಳಿಯುವುದು ಕಷ್ಟ. ಮದುವೆ, ಜಾತ್ರೆ, ತೇರು ಮುಗಿದ ಮರುದಿನ ಊರಲ್ಲಿ ಆಡು ಸಾಯುವುದು ಇದರಿಂದಲೇ ಹೆಚ್ಚು. ದೃಷ್ಟಿ ತಾಗಿತು ಅನ್ನುತ್ತಾರೆ. ದೃಷ್ಟಿ ಅಲ್ಲರೀ, ಹುಗ್ಗಿ.

ಹಾಗಾದರೆ ಏನು ಹಾಕಬೇಕು? ಮೂರು ಹೆಸರು ನೆನಪಿಡಿ. ಹಸಿ ಮೇವು, ಒಣ ಮೇವು, ಕಾಳು-ಹಿಂಡಿ. ಮೂರೂ ಬೇಕು. ಒಂದೇ ಹಾಕಿದರೆ ಸಾಲದು. ನಾವು ಬರೀ ರೊಟ್ಟಿ ತಿಂದು ಪಲ್ಯ ಬಿಟ್ಟರೆ ಆಗುತ್ತದೆಯೇ?

25 ರಿಂದ 30 ಕಿಲೋ ತೂಗುವ ಆಡಿಗೆ ದಿನಕ್ಕೆ 2 ರಿಂದ 3 ಕಿಲೋ ಹಸಿ ಮೇವು ಬೇಕು. ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಒಣ ಮೇವು ಬೇಕು. ಕಾಳು-ಹಿಂಡಿಯ ಮಿಶ್ರಣ 150 ರಿಂದ 250 ಗ್ರಾಂ ಸಾಕು. ದಿನವಿಡೀ ಒಡ್ಡಿನ ಮೇಲೆ ಮೇಯ್ದು ಬರುವ ಆಡಿಗೆ ಮನೆಯಲ್ಲಿ ಇಷ್ಟು ಬೇಡ. ಹೊಟ್ಟೆ ನೋಡಿ ಹಾಕಿ. ಎಡಗಡೆಯ ಪಕ್ಕೆಯ ಹಿಂದೆ ಕುಳಿ ಬಿದ್ದಿದ್ದರೆ ಹೊಟ್ಟೆ ತುಂಬಿಲ್ಲ ಎಂದು ತಿಳಿಯಿರಿ.

"ಆಡು ಮುಟ್ಟದ ಸೊಪ್ಪಿಲ್ಲ" ಅನ್ನುತ್ತಾರೆ. ನಿಜ. ಆಡು ಹತ್ತು ಗಿಡ ಮುಟ್ಟುತ್ತದೆ, ಪ್ರತಿಯೊಂದರಿಂದ ಒಂದೊಂದು ಬಾಯಿ ತಿನ್ನುತ್ತದೆ. ಅದೇ ಅದರ ಜಾಣತನ. ಕಟ್ಟಿ ಹಾಕಿದಾಗ ಆ ಜಾಣತನ ನಾವು ತೋರಿಸಬೇಕು. ಬೇವಿನ ತಪ್ಪಲ, ಬನ್ನಿ, ಬಾರಿ ಗಿಡ, ಜಾಲಿ, ಸುಬಾಬುಲ್ ಬೆರೆಸಿ ಹಾಕಿ. ನೀರಿದ್ದವರು ಕುದುರೆ ಮಸಾಲೆ, ಅಲಸಂದಿ ಒಂದೆರಡು ಸಾಲು ಹಾಕಿಕೊಳ್ಳಿ. ಸುಬಾಬುಲ್ ಒಳ್ಳೆಯದು. ಆದರೆ ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ಮೀರಬಾರದು. ಮೀರಿದರೆ ಕೂದಲು ಉದುರುತ್ತದೆ. ಬೇಸಿಗೆಯಲ್ಲಿ ಜಾಲಿ ಕಾಯಿ ಉದುರುತ್ತವೆ. ಆರಿಸಿ ಒಣಗಿಸಿ ಇಡಿ. ಅದನ್ನೂ ಹದವಾಗಿ ಹಾಕಿ.

ಒಣ ಮೇವಿಗೆ ನಮ್ಮ ಜಿಲ್ಲೆ ಬಡವಲ್ಲ. ಡೋಣಿ ದಂಡೆಯ ಎರಿ ಹೊಲದ ಮಾಲದಂಡಿ ಜೋಳದ ಕಣಕಿ ಇದೆ. ಆದರೆ ಕಣಕಿ ಉದ್ದಕ್ಕೆ ಹಾಕಿದರೆ ಆಡು ಎಲೆ ತಿಂದು ದಂಟು ಬಿಡುತ್ತದೆ. ಕುಡುಗೋಲಿನಿಂದ ಸಣ್ಣಗೆ ಕತ್ತರಿಸಿ ಹಾಕಿ. ಕಣಕಿಗಿಂತ ತೊಗರಿ ಹೊಟ್ಟು, ಕಡಲಿ ಹೊಟ್ಟು, ಶೇಂಗಾ ಬಳ್ಳಿ ಆಡಿಗೆ ಹೆಚ್ಚು ಹಿಡಿಸುತ್ತವೆ. ಅವುಗಳಲ್ಲಿ ಸತ್ವವೂ ಹೆಚ್ಚು. ರಾಶಿ ಮಾಡುವಾಗ ಗಂಡಸರು ಹೊಟ್ಟು ಗಾಳಿಗೆ ಬಿಡುತ್ತಾರೆ. ಆಗ ನೀವು ಬಾಯಿ ಬಿಡಿರಿ! ಎರಡು ಚೀಲ ತುಂಬಿಟ್ಟುಕೊಳ್ಳಿ.

ಕಾಳು-ಹಿಂಡಿ ಮಿಶ್ರಣ ಮನೆಯಲ್ಲೇ ಆಗುತ್ತದೆ. 10 ಕಿಲೋಗೆ ಲೆಕ್ಕ ಹೇಳುತ್ತೇವೆ, ಬರೆದುಕೊಳ್ಳಿ. ಗೋವಿನಜೋಳದ ನುಚ್ಚು 4 ಕಿಲೋ. ಶೇಂಗಾ ಹಿಂಡಿ ಎರಡೂವರೆ ಕಿಲೋ. ಗೋಧಿ ತವುಡು, ಬೇಳೆ ಮಾಡುವಾಗ ಉಳಿದ ತೊಗರಿ ನುಚ್ಚು-ಸಿಪ್ಪೆ ಕೂಡಿ 3 ಕಿಲೋ 200 ಗ್ರಾಂ. ಖನಿಜ ಮಿಶ್ರಣ 200 ಗ್ರಾಂ. ಉಪ್ಪು 100 ಗ್ರಾಂ. ಕೂಡಿಸಿ ನೋಡಿ, ಹತ್ತು ಆಗುತ್ತದೆಯೋ ಇಲ್ಲವೋ. ಬೂಷ್ಟು ಹಿಡಿದ ಹಿಂಡಿ ಎಷ್ಟು ಅಗ್ಗ ಸಿಕ್ಕರೂ ಬೇಡ. ಆ ಬೂಷ್ಟಿನಲ್ಲಿ ಪಿತ್ತಜನಕಾಂಗ ಕೆಡಿಸುವ ವಿಷ ಇರುತ್ತದೆ.

ಹೊಸ ಮೇವು ಏನೇ ಇರಲಿ, ಒಮ್ಮೆಲೆ ಬದಲಿಸಬೇಡಿ. ಹತ್ತು ಹದಿನೈದು ದಿನ ಸ್ವಲ್ಪ ಸ್ವಲ್ಪ ಏರಿಸಿ. ಹೊಟ್ಟೆಯ ಆ ಸೂಕ್ಷ್ಮ ಜೀವಿಗಳಿಗೂ ಹೊಸ ಊಟ ರೂಢಿ ಆಗಬೇಕು.

ಮೇವನ್ನು ನೆಲಕ್ಕೆ ಚೆಲ್ಲಬೇಡಿ. ಆಡು ತುಳಿದದ್ದನ್ನು ತಿನ್ನುವುದಿಲ್ಲ. ಅದಕ್ಕೆ ಸೊಕ್ಕು ಅನ್ನಬೇಡಿ, ಅದು ಶುಚಿ. ತಪ್ಪಲನ್ನು ಕಟ್ಟು ಕಟ್ಟಿ ಅದರ ಭುಜದ ಎತ್ತರಕ್ಕೆ ತೂಗಿಬಿಡಿ. ಹಿಕ್ಕೆ ತಾಗುವುದಿಲ್ಲ, ಜಂತು ಹೊಟ್ಟೆಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಮೇಯಲು ಬಿಡುವುದೂ ಇದಕ್ಕೇ. ನೀರು ದಿನಕ್ಕೆ 3 ರಿಂದ 5 ಲೀಟರ್ ಬೇಕು. ನಮ್ಮ ಬಿಸಿಲಿಗೆ ಇನ್ನೂ ಹೆಚ್ಚು.

ಇಲ್ಲಿ ಒಂದು ದೂರದ ಊರಿನ ಸುದ್ದಿ ಹೇಳುತ್ತೇವೆ. ಪೆರು ಎಂಬ ದೇಶವಿದೆ. ಅಲ್ಲಿನ ಗುಡ್ಡಗಾಡಿನ ಹೆಣ್ಣುಮಕ್ಕಳು ಅಡುಗೆಮನೆಯ ಮೂಲೆಯಲ್ಲಿ ಗಿನಿ ಹಂದಿ ಸಾಕುತ್ತಾರೆ. ಹೆಸರು ಹಂದಿ, ಇರುವುದು ಮೊಲದಷ್ಟೂ ಇಲ್ಲ. ಇಲಿಯ ಬಳಗ. ನಮಗೆ ಆಡು ಹೇಗೋ ಅವರಿಗೆ ಅದು ಹಾಗೆ, ಕಷ್ಟಕಾಲದ ಗಂಟು. ಅದಕ್ಕೂ ಕುದುರೆ ಮಸಾಲೆ, ಹುಲ್ಲು, ತರಕಾರಿ ಸಿಪ್ಪೆ ಹಾಕುತ್ತಾರೆ. ಬರೀ ಕಾಳು ಹಾಕಿದರೆ ಅದರ ವಸಡಿನಲ್ಲಿ ರಕ್ತ ಬರುತ್ತದೆ. ಯಾಕೆಂದರೆ 'ಸಿ' ಜೀವಸತ್ವ ಅದರ ಮೈಯಲ್ಲಿ ತಾನೇ ಹುಟ್ಟುವುದಿಲ್ಲ. ನಮ್ಮ ಮೈಯಲ್ಲೂ ಹುಟ್ಟುವುದಿಲ್ಲ. ಆಡಿನ ಮೈಯಲ್ಲಿ ಹುಟ್ಟುತ್ತದೆ. ಆದ್ದರಿಂದ ಇಂಡಿಯ ನಿಂಬೆಹಣ್ಣು ನಿಮಗೆ ಬೇಕು, ನಿಮ್ಮ ಆಡಿಗೆ ಬೇಡ. ಒಂದೊಂದು ಜೀವದ ಹೊಟ್ಟೆ ಒಂದೊಂದು ತರಹ.

ಈಗ ಎಲ್ಲಕ್ಕಿಂತ ಅಪಾಯದ ಮಾತು. ಕಿವಿಗೊಟ್ಟು ಕೇಳಿರಿ.

ಎಳೆಯ ಜೋಳದಲ್ಲಿ ವಿಷ ಇರುತ್ತದೆ. ಮೊಳಕಾಲು ಎತ್ತರ ಬರುವ ಮೊದಲಿನ ಜೋಳ, ಮಳೆ ಇಲ್ಲದೆ ಬಾಡಿದ ಜೋಳ, ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದ ಜೋಳ, ಈ ಮೂರೂ ಆಡಿಗೆ ಬೇಡ. ಹಿಂಗಾರಿ ಬಿತ್ತನೆ ಆದ ಮೇಲೆ ಸಾಲು ಒತ್ತಾದರೆ ಸಸಿ ಕೀಳುತ್ತೇವೆ. ಹಸಿರಾಗಿ ಕಾಣುತ್ತದೆ ಎಂದು ಆ ಸಸಿಯನ್ನು ಉಡಿಯಲ್ಲಿ ತಂದು ಆಡಿನ ಮುಂದೆ ಹಾಕುತ್ತೇವೆ. ಅಲ್ಲೇ ತಪ್ಪು. ತಿಂದ ಸ್ವಲ್ಪ ಹೊತ್ತಿಗೇ ಆಡು ಏದುಸಿರು ಬಿಡುತ್ತದೆ, ನಡುಗುತ್ತದೆ, ಬೀಳುತ್ತದೆ. ಮನೆಮದ್ದಿಗೆ ಸಮಯ ಇರುವುದಿಲ್ಲ. ಬೇಗ ಡಾಕ್ಟರು ಬಂದು ಸೂಜಿ ಮಾಡಿದರೆ ಉಳಿಯಬಹುದು. ತೆನೆ ಬಲಿತು ಒಣಗಿದ ಕಣಕಿಗೆ ಈ ಭಯ ಇಲ್ಲ.

ಕಣಗಿಲೆ ತಪ್ಪಲ, ಔಡಲ ಬೀಜ ಸಹ ವಿಷ. ದ್ರಾಕ್ಷಿ ತೋಟದಲ್ಲಿ ಕತ್ತರಿಸಿ ಹಾಕಿದ ಬಳ್ಳಿ, ಹತ್ತಿ ಹೊಲದ ಎಲೆ ತರುವ ಮೊದಲು ಎಣ್ಣೆ ಹೊಡೆದಿದ್ದಾರೆಯೇ ಎಂದು ಕೇಳಿ. ಕೇಳಲು ನಾಚಿಕೆ ಬೇಡ.

ಗಬ್ಬದ ಆಡಿನ ಲೆಕ್ಕ ಸುಲಭ. ಆಡು ಸುಮಾರು 150 ದಿನ ಹೊರುತ್ತದೆ. ಯುಗಾದಿಗೆ ಹೋತಕ್ಕೆ ಬಿಟ್ಟರೆ ಗಣಪತಿ ಹಬ್ಬದ ಆಚೆ ಈಚೆ ಈಯುತ್ತದೆ. (ಅಧಿಕ ಮಾಸ ಬಂದರೆ ಒಂದು ತಿಂಗಳು ಮೊದಲೇ.) ಕೊನೆಯ ಒಂದೂವರೆ ತಿಂಗಳಲ್ಲಿ ಮರಿ ಹೊಟ್ಟೆಯಲ್ಲಿ ಭರಭರನೆ ಬೆಳೆಯುತ್ತದೆ. ಅಂದರೆ ಮಣ್ಣೆತ್ತಿನ ಅಮಾಸಿ ಆಗಿ ಹದಿನೈದು ದಿನಕ್ಕೆ ಮಿಶ್ರಣವನ್ನು ನಿಧಾನವಾಗಿ 200 ಗ್ರಾಂ ಹೆಚ್ಚಿಸಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ.

ಮರಿ ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಯಬೇಕು. ಕಸ ಬೀಳುವ ತನಕ ಕಾಯಬೇಡಿ. ಎರಡೂವರೆ ಕಿಲೋ ಮರಿಗೆ ದಿನಕ್ಕೆ ಕಾಲು ಲೀಟರ್ ಆದರೂ ಹೋಗಬೇಕು, ಮೂರ್ನಾಲ್ಕು ಸಲ. ಎರಡು ವಾರಕ್ಕೆ ಎಳೆ ತಪ್ಪಲ ಮೂಸಲು ಶುರು ಮಾಡುತ್ತದೆ, ಮಾಡಲಿ. ಅಂಗಡಿಯ ದನದ ಆಹಾರ ಹಾಕುವ ಮೊದಲು ಚೀಲ ಓದಿ. ಯೂರಿಯಾ ಎಂಬ ಮೂರು ಅಕ್ಷರ ಇದ್ದರೆ ಅದು ಮರಿಗೆ ಅಲ್ಲ. ಓದಲು ಬರುತ್ತದಲ್ಲ ಈಗ?

ಇಷ್ಟು ಮಾಡಿದರೂ ಆಡು ಕಣ್ಣು ತಪ್ಪಿಸಿ ಹಿಟ್ಟಿನ ಡಬ್ಬಿಗೆ ಬಾಯಿ ಹಾಕಬಹುದು. ಆಗ ಕಾಳು, ಹಿಟ್ಟು ಎಲ್ಲಾ ನಿಲ್ಲಿಸಿ. ಒಣ ಮೇವು ಮಾತ್ರ ಇಡಿ. ಅಡುಗೆ ಸೋಡಾ ನಾಲ್ಕು ಸಣ್ಣ ಚಮಚ, ಅಂದಾಜು 20 ಗ್ರಾಂ, ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ನಿಧಾನಕ್ಕೆ ಕುಡಿಸಿ. ಹಸಿ ಮೇವು ತಿಂದು ಹೊಟ್ಟೆ ಉಬ್ಬಿದ್ದರೆ ಶೇಂಗಾ ಎಣ್ಣೆ 50 ರಿಂದ 100 ಮಿಲಿ ಕುಡಿಸಿ ನಡೆದಾಡಿಸಿ. ಕುಡಿಸುವಾಗ ತಲೆ ಮೇಲಕ್ಕೆ ಎತ್ತಿ ಹಿಡಿಯಬೇಡಿ. ಎತ್ತಿದರೆ ಶ್ವಾಸಕ್ಕೆ ಹೋಗುತ್ತದೆ. ಆಡು ಮಲಗಿದ್ದರೆ ಏನೂ ಕುಡಿಸಬೇಡಿ. ತಕ್ಷಣ ಪಶು ಆಸ್ಪತ್ರೆಗೆ ಹೇಳಿ ಕಳಿಸಿ, ಇಲ್ಲವೇ 1962 ಕ್ಕೆ ಫೋನ್ ಮಾಡಿ. ಸಂಘದಲ್ಲಿ ಪಶು ಸಖಿ ಇದ್ದರೆ ಆಕೆಯನ್ನು ಕರೆಯಿರಿ. ಮಳೆಗಾಲದ ಮೊದಲು ಕರುಳು ಬೇನೆಯ ಲಸಿಕೆ ಮತ್ತು ಜಂತಿನ ಔಷಧ ಕೇಳಿ ಹಾಕಿಸಿ. ಜಂತು ಇದ್ದ ಹೊಟ್ಟೆಗೆ ಎಷ್ಟು ಹಾಕಿದರೂ ಬಡಕಲೇ. ಹೋದ ವಾರ ಕೇಳಿದ ಅಕ್ಕ, ನಿನ್ನ ಆಡಿಗೆ ಮೊದಲು ಇದನ್ನು ನೋಡು.

ನಮ್ಮ ಅತ್ತೆಯವರ ಸುದ್ದಿ ಅರ್ಧಕ್ಕೆ ನಿಂತಿತು. ಅವರು ಮತ್ತೆ ಕೂಲಿ ಮಾಡಿ ಒಂದು ಹೆಣ್ಣು ಮರಿ ತಂದರು. ಈಗ ಅದು ದೊಡ್ಡದಾಗಿ ಗಬ್ಬ ಆಗಿದೆ. ಮೊದಲು ಅವರು ದಿನ ಎಣಿಸಲು ಗೋಡೆಗೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಸುಣ್ಣ ಹಚ್ಚಿದಾಗ ಲೆಕ್ಕ ತಪ್ಪುತ್ತಿತ್ತು. ಈ ಸಲ ಕ್ಯಾಲೆಂಡರಿನಲ್ಲಿ ತಾವೇ ಬರೆದಿದ್ದಾರೆ. ಹೋತಕ್ಕೆ ಬಿಟ್ಟ ದಿನ ಒಂದು ಕಡೆ, ಈಯುವ ದಿನ ಇನ್ನೊಂದು ಕಡೆ. ಅಂಕಿ ಸ್ವಲ್ಪ ಸೊಟ್ಟಗಿವೆ. ನಾವು ತಿದ್ದಲಿಲ್ಲ.

ನಾಳೆ ಬರುವಾಗ ನಿಮ್ಮ ಮನೆಯ ಕ್ಯಾಲೆಂಡರ್ ತನ್ನಿ. ಯಾರ ಆಡು ಯಾವಾಗ ಈಯುತ್ತದೆ, ಕೂತು ಲೆಕ್ಕ ಹಾಕೋಣ. ಈಗ ಏಳಿರಿ. ಹೊರಗೆ ಆಡುಗಳು ಒದರುತ್ತಿವೆ.