ಚಿನ್ನದೊಳಗಣ ಕಬ್ಬಿಣದ ಕಣ



ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಅಕ್ಕಸಾಲಿಗರು ಚಿನ್ನದ ಬೆರಕೆಯನ್ನು ಒರೆಗಲ್ಲಿನಿಂದ ಅರಿಯುವರು. ಒರೆಗಲ್ಲಿಗೂ ಕಾಣದಷ್ಟು ಅಲ್ಪವಾದ ಬೆರಕೆಯು ಲೋಹದ ಗುಣವನ್ನೇ ಬದಲಿಸಬಲ್ಲುದೆಂಬುದು ವಿಜ್ಞಾನಿಗಳಿಗೆ ಬಹುಕಾಲ ಒಗಟಾಗಿದ್ದಿತು. ಆ ಒಗಟನ್ನು ಬಿಡಿಸುವುದರಲ್ಲಿ ಬೆಂಗಳೂರಿನ ವಿದ್ವಾಂಸರೊಬ್ಬರ ಪಾಲೂ ಉಂಟು.

ಲೋಹವು ತಣ್ಣಗಾದಂತೆ ಅದರ ಪರಮಾಣುಗಳ ಕಂಪನವು ಕುಗ್ಗಿ, ವಿದ್ಯುತ್ತಿನ ಹರಿವಿಗಿರುವ ತಡೆಯೂ ಕುಗ್ಗತಕ್ಕದ್ದು. ಹಾಲೆಂಡಿನ ಲೈಡನ್ ನಗರದಲ್ಲಿ 1908ರಲ್ಲಿ ಹೀಲಿಯಂ ಅನಿಲವು ದ್ರವರೂಪಕ್ಕೆ ತರಲ್ಪಟ್ಟು, ಸೊನ್ನೆಗಿಂತ 269 ಡಿಗ್ರಿ ಕೆಳಗಣ ಶೈತ್ಯವು ಸಾಧ್ಯವಾಯಿತು. ಅಲ್ಲಿಯೇ 1934ರಲ್ಲಿ ಡಿ ಹಾಸ್ ಮತ್ತು ಅವರ ಸಂಗಡಿಗರು ಚಿನ್ನವನ್ನು ಪರೀಕ್ಷಿಸಲು, ತಡೆಯು ಒಂದು ಮಿತಿಯವರೆಗೆ ಇಳಿದು, ಬಳಿಕ ಪುನಃ ಏರಿತು. ಕಂಡುದನ್ನು ಕಂಡಂತೆಯೇ ಅವರು ಪ್ರಕಟಿಸಿದರು.

ಲಕ್ಷ ಪರಮಾಣುಗಳಲ್ಲಿ ಕೆಲವೇ ಆಗಿ ಬೆರೆತ ಕಬ್ಬಿಣದಂತಹ ಲೋಹದ ಪರಮಾಣುಗಳೇ ಇದಕ್ಕೆ ಕಾರಣ. ಅವು ಒಂದೊಂದೂ ಕಿರಿಯ ಅಯಸ್ಕಾಂತ. ಹರಿಯುವ ಇಲೆಕ್ಟ್ರಾನುಗಳೂ ಹಾಗೆಯೇ. ಇವು ಸಂಧಿಸಿದಾಗ ಪರಸ್ಪರ ದಿಕ್ಕನ್ನು ತಿರುಗಿಸುವುವು. ಶೈತ್ಯವೇರಿದಂತೆ ಇದರಿಂದಾಗುವ ತಡೆಯೂ ಏರುವುದೆಂದು ಜಪಾನಿನ ಜುನ್ ಕೊಂಡೊ ಅವರು 1964ರಲ್ಲಿ ಗಣಿತದಿಂದ ತೋರಿಸಿದರು. ಆದರೆ ಆ ಗಣಿತವನ್ನು ಹಾಗೆಯೇ ಮುಂದುವರಿಸಿದರೆ ನಿರಪೇಕ್ಷ ಶೂನ್ಯದ ಬಳಿ ತಡೆಯು ಅನಂತವಾಗಬೇಕು; ಇದು ಅಸಂಭವವಷ್ಟೆ.

ಅಮೆರಿಕದ ಕೆನೆತ್ ವಿಲ್ಸನ್ ಅವರು 1975ರಲ್ಲಿ ಈ ಗಂಟನ್ನು ಬಿಡಿಸಿದರು. ಜಿಲ್ಲೆಯಿಂದ ತಾಲ್ಲೂಕಿಗೂ, ತಾಲ್ಲೂಕಿನಿಂದ ಹೋಬಳಿಗೂ, ಅಲ್ಲಿಂದ ಗ್ರಾಮಕ್ಕೂ ಇಳಿದು ಲೆಕ್ಕ ನೋಡುವಂತೆ, ಅವರು ಅಧಿಕ ಶಕ್ತಿಯಿಂದ ಅಲ್ಪ ಶಕ್ತಿಗೆ ಮೆಟ್ಟಲು ಮೆಟ್ಟಲಾಗಿ ಗಣಿಸಿದರು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅವರೊಡನೆಯೂ ಜಾನ್ ವಿಲ್ಕಿನ್ಸ್ ಅವರೊಡನೆಯೂ ಶ್ರಮಿಸಿದ ಎಚ್. ಆರ್. ಕೃಷ್ಣಮೂರ್ತಿಯವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಈ ಮೂವರು 1980ರಲ್ಲಿ ಪ್ರಕಟಿಸಿದ ಲೇಖನಗಳು ಇಂತಹ ಮಿಶ್ರಲೋಹದ ಅಯಸ್ಕಾಂತ ಗುಣವು ಉಷ್ಣತೆಯೊಡನೆ ಮಾರ್ಪಡುವ ಬಗೆಯನ್ನು ಮೊದಲಿನಿಂದ ಕಡೆಯವರೆಗೆ ನಿರೂಪಿಸಿದುವು. ಉಷ್ಣತೆಯು ಹೆಚ್ಚಾಗಿರುವಾಗ ಬೆರೆತ ಪರಮಾಣುವು ಬಿಡಿ ಅಯಸ್ಕಾಂತದಂತೆ ತೋರುವುದು. ಶೈತ್ಯವು ಬಲಿತಾಗ ಸುತ್ತಣ ಇಲೆಕ್ಟ್ರಾನುಗಳು ಅದನ್ನು ಆವರಿಸಿ, ಅದರ ಆಕರ್ಷಣೆಯನ್ನು ಹೊರಗೆ ಕಾಣದಂತೆ ಮಾಡುವುವು. ಆದುದರಿಂದಲೇ ತಡೆಯು ಅನಂತಕ್ಕೇರದೆ ಒಂದು ಮಟ್ಟದಲ್ಲಿ ನಿಲ್ಲುವುದು.

ಲೈಡನ್ನಿನವರು ಆ ಏರಿಕೆಯನ್ನು ಉಪಕರಣದ ದೋಷವೆಂದು ತಳ್ಳಿಬಿಟ್ಟಿದ್ದರೆ, ಮುಂದಿನವರಿಗೆ ಬಿಡಿಸಲು ಒಗಟೇ ಉಳಿಯುತ್ತಿರಲಿಲ್ಲ. ಮಠದ ಆಶ್ರಯದಲ್ಲಿ ಓದುತ್ತಿರುವ ಬಾಲಕರು ತಮ್ಮ ಲೆಕ್ಕಕ್ಕೆ ಒಗ್ಗದ ಫಲವು ಕಂಡಾಗ ಅದನ್ನು ಅಳಿಸದೆ ಬರೆದಿಡುವ ಅಭ್ಯಾಸವನ್ನು ಈಗಿನಿಂದಲೇ ಕೈಕೊಳ್ಳಲಿ.